ಅಳಿಸಬೇಡ, ತಿದ್ದಿ ಬರೆ

ಮಗೂ,

ಲೆಕ್ಕದ ಕೆಲಸ ಕಲಿಯಲು ಬಂದವರಿಗೆಲ್ಲ ಆ ಗಳಿಗೆ ಒಂದಲ್ಲ ಒಂದು ದಿನ ಬರುತ್ತದೆ. ಕಟ್ಟಿಯಾದ ಚಲನ್ ಫೈಲಿಗೆ ಸೇರಿಸುವಾಗಲೋ, ಕಳಿಸಿಯಾದ ಮೇಲ್ ಇನ್ನೊಮ್ಮೆ ತೆರೆದಾಗಲೋ ಕಣ್ಣು ಒಂದು ಅಂಕಿಯ ಮೇಲೆ ನಿಂತುಬಿಡುತ್ತದೆ. ಒಂದು ಸೊನ್ನೆ ಹೆಚ್ಚಾಗಿದೆ. ಹೋದ ವರ್ಷದ ಕಾಲಂ ಈ ವರ್ಷದ್ದೆಂದು ಹೋಗಿದೆ. ಒಬ್ಬ ಕ್ಲೈಂಟಿನ ಬ್ಯಾಂಕ್ ಸ್ಟೇಟ್‌ಮೆಂಟ್ ಇನ್ನೊಬ್ಬರ ಕೈಸೇರಿದೆ. ಎದೆ ಧಸಕ್ಕೆನ್ನುತ್ತದೆ. ಅಕ್ಕಪಕ್ಕದವರು ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತಾರೆ, ಅವರಿಗೆ ಏನೂ ಗೊತ್ತಿಲ್ಲ. ಗೊತ್ತಿರುವುದು ನಿನಗೆ ಮಾತ್ರ.

ಈ ಮಾತು ಆ ಗಳಿಗೆಗಾಗಿ, ಅದರ ನಂತರದ ದಿನಗಳಿಗಾಗಿ. ನೀನು ಸಿಎ ಓದುತ್ತ ಆರ್ಟಿಕಲ್‌ಶಿಪ್ ಮಾಡುತ್ತಿರಬಹುದು. ಬಿಕಾಂ, ಎಂಬಿಎ ನಡುವೆ ಬ್ಯಾಂಕಿಗೋ ಫೈನಾನ್ಸ್ ಕಂಪನಿಗೋ ಇಂಟರ್ನ್ ಆಗಿ ಸೇರಿರಬಹುದು. ಕೂತ ಕುರ್ಚಿ ಬೇರೆಯಾದರೂ ಭಯ ಒಂದೇ. ನನ್ನ ವೃತ್ತಿಯ ಬದುಕೆಲ್ಲ ಕಳೆದದ್ದು ಆಡಿಟ್ ಕಚೇರಿಯಲ್ಲಿ, ಆರ್ಟಿಕಲ್ ಮಕ್ಕಳ ನಡುವೆ. ತಪ್ಪು ಮಾಡಿ ಕುಗ್ಗಿದವರನ್ನು ಕಂಡಿದ್ದೇನೆ, ತಪ್ಪು ಮಾಡಿಯೂ ಗಟ್ಟಿಯಾದವರನ್ನು ಕಂಡಿದ್ದೇನೆ. ಇವರಿಬ್ಬರ ನಡುವೆ ಬುದ್ಧಿಯ ವ್ಯತ್ಯಾಸವಿರಲಿಲ್ಲ. ತಪ್ಪು ಗೊತ್ತಾದ ಮೇಲಿನ ಮೊದಲ ಕೆಲವು ಗಂಟೆಗಳನ್ನು ಅವರು ಕಳೆದ ರೀತಿಯಲ್ಲಿ ವ್ಯತ್ಯಾಸವಿತ್ತು.

ಮೊದಲು ನಿನ್ನ ಕಸುಬಿನ ಒಂದು ಹಳೆಯ ನಿಯಮ ನೆನಪಿಸುತ್ತೇನೆ. ಲೆಕ್ಕದ ಪುಸ್ತಕದಲ್ಲಿ ಅಳಿಸುವುದಕ್ಕೆ ಜಾಗವಿಲ್ಲ. ಸಂಬಳದ ಖರ್ಚನ್ನು ಬಾಡಿಗೆಯ ಖಾತೆಗೆ ಬರೆದುಬಿಟ್ಟರೆ ಆ ಸಾಲನ್ನು ಕೆರೆದು ತೆಗೆಯುವಂತಿಲ್ಲ. ಅದಕ್ಕೆ ಎದುರಾಗಿ ರಿವರ್ಸ್ ಎಂಟ್ರಿ ಹಾಕಿ, ಸರಿಯಾದ ಖಾತೆಗೆ ಬರೆದು, ಕೆಳಗೆ ನರೇಷನ್‌ನಲ್ಲಿ ಯಾಕೆ ಎಂದು ಹೇಳಬೇಕು. ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿ ಲೂಕಾ ಪಾಚೋಲಿ ಬರೆದ ಪುಸ್ತಕ ವೆನಿಸ್‌ನಲ್ಲಿ ಅಚ್ಚಾದದ್ದು 1494ರಲ್ಲಿ. ತಪ್ಪಾದ ಜಾಗದಲ್ಲಿ ಬರೆದ ನಮೂದನ್ನು ಸರಿಪಡಿಸುವುದು ಹೇಗೆ ಎಂಬುದಕ್ಕೇ ಅದರಲ್ಲೊಂದು ಅಧ್ಯಾಯವಿದೆ. ಬರೆಯುವವನು ಎಡವುತ್ತಾನೆ ಎಂಬುದನ್ನು ಈ ವಿದ್ಯೆ ಐನೂರು ವರ್ಷಗಳ ಹಿಂದೆಯೇ ಒಪ್ಪಿಕೊಂಡಿದೆ. ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕದ ಸಮೇತ ದಾಖಲಿಸಲೇಬೇಕು, ಆ ದಾಖಲೆಯನ್ನು ನಿಲ್ಲಿಸಿ ಇಡುವಂತಿಲ್ಲ. ತಿದ್ದು, ಆದರೆ ತಿದ್ದಿದ್ದು ಕಾಣುವಂತೆ ತಿದ್ದು ಎಂಬುದೇ ಇದರ ತಿರುಳು. ನಿನ್ನ ತಪ್ಪಿಗೂ ಇದೇ ದಾರಿ.

ಜನರಿಂದ ತಪ್ಪಾಗುತ್ತದೆ ಎಂದು ಎಣಿಸಿಯೇ ಕಾನೂನನ್ನೂ ಬರೆಯಲಾಗಿದೆ. ಟಿಡಿಎಸ್ ಸ್ಟೇಟ್‌ಮೆಂಟಿನಲ್ಲಿ ಯಾರದೋ ಪ್ಯಾನ್ ತಪ್ಪಾಗಿ ಹೋದರೆ ತಿದ್ದುಪಡಿ ಸ್ಟೇಟ್‌ಮೆಂಟ್ ಇದೆ. ಚಲನ್‌ನಲ್ಲಿ ವರ್ಷ ತಪ್ಪಾಗಿದ್ದರೆ ಕಾಲಮಿತಿಯೊಳಗೆ ಪೋರ್ಟಲ್‌ನಲ್ಲೇ ಸರಿಪಡಿಸಬಹುದು. ಆದಾಯ ತೆರಿಗೆಗೆ ಪರಿಷ್ಕೃತ ರಿಟರ್ನ್ ಇದೆ. ಜಿಎಸ್‌ಟಿಯಲ್ಲಿ ಜಿಎಸ್‌ಟಿಆರ್-3ಬಿ ರಿಟರ್ನ್ ಒಮ್ಮೆ ಸಲ್ಲಿಸಿದರೆ ಅದನ್ನೇ ತೆರೆದು ತಿದ್ದಲಾಗದು, ನಿಜ. ಆದರೆ ನಂತರದ ತಿಂಗಳ ರಿಟರ್ನ್‌ನಲ್ಲಿ ಸರಿಹೊಂದಿಸಲು ಅವಕಾಶವಿದೆ. 2024ರ ಜುಲೈ ತಿಂಗಳ ಲೆಕ್ಕದಿಂದ, ಜಿಎಸ್‌ಟಿಆರ್-1ರಲ್ಲಿ ಬಿಟ್ಟುಹೋದದ್ದನ್ನು 3ಬಿ ಸಲ್ಲಿಸುವ ಮೊದಲೇ ಸೇರಿಸಲು 1ಎ ಎಂಬ ನಮೂನೆಯೂ ಬಂದಿದೆ. ಸರಿಪಡಿಸಲು ಇಷ್ಟು ಬಾಗಿಲುಗಳಿವೆ. ಆದರೆ ಬಹುಪಾಲು ಬಾಗಿಲುಗಳಿಗೆ ಗಡುವು ಇದೆ. ಹೇಳಲು ತಡಮಾಡಿದರೆ ಅವು ಒಂದೊಂದಾಗಿ ಮುಚ್ಚುತ್ತ ಹೋಗುತ್ತವೆ.

ತಡವಾದರೆ ಎಷ್ಟು ಎಂಬುದನ್ನು ರೂಪಾಯಿಯಲ್ಲೇ ನೋಡು. ಜೂನ್ 10ರಂದು ಒಬ್ಬ ಗುತ್ತಿಗೆದಾರರ ಬಿಲ್‌ಗಳಿಂದ ಒಂದು ಲಕ್ಷ ರೂಪಾಯಿ ಟಿಡಿಎಸ್ ಕಡಿತವಾಗಿದೆ. ಜುಲೈ 7ರೊಳಗೆ ಅದು ಸರ್ಕಾರಕ್ಕೆ ಕಟ್ಟಿಯಾಗಬೇಕು. ನೀನು ಪಟ್ಟಿ ಮಾಡುವಾಗ ಅದನ್ನು ಬಿಟ್ಟಿದ್ದೀಯೆ, 7ರ ಸಂಜೆ ನಾಲ್ಕಕ್ಕೆ ಅದು ಕಣ್ಣಿಗೆ ಬೀಳುತ್ತದೆ. ಆಗಲೇ ಸೀನಿಯರ್ ಬಳಿ ಹೋಗಿ ಹೇಳಿದರೆ ರಾತ್ರಿಯೊಳಗೆ ಕಟ್ಟಬಹುದು, ಖರ್ಚು ಏನೂ ಇಲ್ಲ. ಬೈಸಿಕೊಳ್ಳುವ ಭಯಕ್ಕೆ ಒಂದು ರಾತ್ರಿ ನುಂಗಿಕೊಂಡು 8ರ ಬೆಳಗ್ಗೆ ಹೇಳಿದರೆ? ಕಡಿತವಾದ ದಿನದಿಂದ ತಿಂಗಳಿಗೆ, ತಿಂಗಳ ತುಣುಕಿಗೂ ಸೇರಿಸಿ, ಶೇ 1.5ರಂತೆ ಬಡ್ಡಿ. ಜೂನ್ ಒಂದು, ಜುಲೈ ಒಂದು, ಎರಡು ತಿಂಗಳಿಗೆ 3,000 ರೂಪಾಯಿ. ಹಣ ಹೋದದ್ದು ಪಟ್ಟಿಯಲ್ಲಿ ಬಿಟ್ಟದ್ದಕ್ಕಲ್ಲ, ಒಂದು ರಾತ್ರಿ ಮೌನವಾಗಿದ್ದದ್ದಕ್ಕೆ. ತಪ್ಪು ಕಂಡ ದಿನವೇ ಹೇಳು ಎಂದು ಹಿರಿಯರು ಒತ್ತಿ ಹೇಳುವುದು ಬರೀ ನೀತಿಗಾಗಿ ಅಲ್ಲ, ಅದರಲ್ಲಿ ಲೆಕ್ಕವೂ ಇದೆ.

ಹಾಗೆಂದು ಗಾಬರಿಯಲ್ಲಿ ಎದ್ದು ಓಡಬೇಡ. ಹತ್ತು ನಿಮಿಷ ಕೂತು ನಾಲ್ಕು ಸಾಲು ಬರೆದುಕೋ. ಏನಾಗಿದೆ? ಎಷ್ಟು ಮೊತ್ತ? ಯಾರಿಗೆ ತಾಗುತ್ತದೆ, ಯಾವ ಗಡುವಿದೆ? ಈಗ ಏನು ಮಾಡಬಹುದು? ಕಡೆಯದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆ. ಆಮೇಲೆ ಸೀನಿಯರ್ ಬಳಿ ಹೋಗು. ವಾಟ್ಸಾಪ್‌ನಲ್ಲಿ ಹಾಕಿ ಸುಮ್ಮನಾಗಬೇಡ, ಎದುರಿಗೆ ಹೋಗು, ದೂರದಲ್ಲಿದ್ದರೆ ಫೋನ್ ಮಾಡು. ಮಾತು ಹೀಗಿರಲಿ: “ಸರ್, ಐದು ನಿಮಿಷ ಬೇಕಿತ್ತು. ಈ ತಿಂಗಳ ಟಿಡಿಎಸ್ ಪಟ್ಟಿಯಲ್ಲಿ ನಾನು ಒಂದು ಪಾರ್ಟಿಯನ್ನು ಬಿಟ್ಟಿದ್ದೇನೆ. ಮೊತ್ತ ಒಂದು ಲಕ್ಷ. ಇವತ್ತೇ ಕೊನೇ ದಿನ. ಚಲನ್ ರೆಡಿ ಮಾಡಿದ್ದೇನೆ, ನೀವು ಒಮ್ಮೆ ನೋಡಿದರೆ ಕ್ಲೈಂಟಿಗೆ ಕಳಿಸಬಹುದು. ಬೇರೆ ಪಾರ್ಟಿ ಬಿಟ್ಟಿದ್ದೇನಾ ಅಂತ ಲೆಡ್ಜರ್ ಜೊತೆ ಮತ್ತೆ ತಾಳೆ ನೋಡುತ್ತಿದ್ದೇನೆ.”

ಈ ಮಾತಿನಲ್ಲಿ ಏನಿಲ್ಲ ಎಂಬುದನ್ನೂ ಗಮನಿಸು. ಟ್ಯಾಲಿ ನಿಧಾನವಾಗಿತ್ತು ಎಂದಿಲ್ಲ, ಹೋದ ವರ್ಷದ ಆರ್ಟಿಕಲ್ ಮಾಡಿಟ್ಟ ಶೀಟೇ ಸರಿಯಿರಲಿಲ್ಲ ಎಂದಿಲ್ಲ. ಅವೂ ನಿಜವಿರಬಹುದು, ಕೇಳಿದಾಗ ಹೇಳು. ಆದರೆ ಮೊದಲ ವಾಕ್ಯದಲ್ಲಿ “ನಾನು” ಇರಲಿ. ಹತ್ತು ಸಲ ಸಾರಿ ಕೇಳುವುದೂ ಬೇಡ. ಎದುರಿನವರ ತಲೆಯಲ್ಲಿ ಆ ಹೊತ್ತು ಓಡುವುದು ಕ್ಲೈಂಟಿಗೆ ಏನು ಹೇಳುವುದು ಎಂಬ ಚಿಂತೆ. ನಿನ್ನನ್ನು ಸಮಾಧಾನ ಮಾಡುವ ಕೆಲಸವನ್ನೂ ಅವರ ಮೇಲೆ ಹೇರಬೇಡ. ಒಮ್ಮೆ ಮನಸ್ಸಿಟ್ಟು ತಪ್ಪಾಯಿತು ಎನ್ನು, ನಂತರ ಸರಿಪಡಿಸುವ ಕೆಲಸಕ್ಕೆ ಕೈಹಾಕು.

ಹೇಳಿದರೆ ಎಲ್ಲ ಸುಸೂತ್ರವಾಗುತ್ತದೆ ಎಂಬ ಸುಳ್ಳು ಭರವಸೆ ನಾನು ಕೊಡುವುದಿಲ್ಲ. ಹಾವೇರಿ ಕಡೆಯ ಒಬ್ಬ ಹುಡುಗಿ ಒಂದು ಸಣ್ಣ ಕಾರ್ಖಾನೆಯ ಸಾಲಕ್ಕಾಗಿ ಬ್ಯಾಂಕಿಗೆ ಕೊಡುವ ಸಿಎಂಎ ಡೇಟಾ ಸಿದ್ಧಪಡಿಸಿದ್ದಳು. ಒಂದು ಹಾಳೆಯ ಅಂಕಿಗಳು ಲಕ್ಷಗಳಲ್ಲಿ, ಇನ್ನೊಂದರವು ಸಾವಿರಗಳಲ್ಲಿ. ಎರಡನ್ನೂ ಜೋಡಿಸಿದಾಗ ದುಡಿಯುವ ಬಂಡವಾಳದ ಲೆಕ್ಕವೇ ತಲೆಕೆಳಗಾಗಿತ್ತು. ಫೈಲು ಬ್ಯಾಂಕಿಗೆ ಹೋದ ಮೇಲೆ ಅವಳಿಗೆ ಗೊತ್ತಾಯಿತು. ಅದೇ ರಾತ್ರಿ ಫೋನ್ ಮಾಡಿ ಹೇಳಿದಳು. ಮರುದಿನ ತಿದ್ದಿದ ಪ್ರತಿ ಹೋಯಿತು. ಬ್ಯಾಂಕಿನವರು ಮುಖ ಸಿಂಡರಿಸಿದರು, ಕ್ಲೈಂಟ್ ಕೂಗಾಡಿದರು, ಅವಳನ್ನು ಆ ಕೆಲಸದಿಂದ ತೆಗೆದು ಕೆಲವು ವಾರ ಬರೀ ವೋಚಿಂಗ್‌ಗೆ ಕೂರಿಸಲಾಯಿತು. ಅವಳು ಬಾತ್‌ರೂಮಿಗೆ ಹೋಗಿ ಅತ್ತು ಬಂದದ್ದು ಕಚೇರಿಯವರಿಗೆಲ್ಲ ಗೊತ್ತಿತ್ತು. ಆದರೆ ಅವಳ ಬಗ್ಗೆ ಯಾರಿಗೂ ಒಂದು ವಿಷಯದಲ್ಲಿ ಅನುಮಾನ ಉಳಿಯಲಿಲ್ಲ. ಈಕೆ ತಪ್ಪು ಮಾಡಿದರೆ ನಮಗೆ ಮೊದಲು ಈಕೆಯಿಂದಲೇ ಗೊತ್ತಾಗುತ್ತದೆ. ಹಣದ ಕೆಲಸದಲ್ಲಿ ಇಂಥವರ ಬೆಲೆ ಏನು ಎಂಬುದು ನೀನು ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವ ದಿನ ತಿಳಿಯುತ್ತದೆ.

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಣಕಾಸಿನ ಚರಿತ್ರೆಯಲ್ಲಿ ಬೇರಿಂಗ್ಸ್ ಬ್ಯಾಂಕಿಗಿಂತ ದೊಡ್ಡ ಪಾಠ ಹುಡುಕಬೇಕಿಲ್ಲ. 1762ರಲ್ಲಿ ಲಂಡನ್ನಿನಲ್ಲಿ ಶುರುವಾದ ಬ್ಯಾಂಕ್ ಅದು. 1992ರಲ್ಲಿ ಅದರ ಸಿಂಗಪುರ ಕಚೇರಿಯಲ್ಲಿ ನಿಕ್ ಲೀಸನ್ 88888 ಎಂಬ ಸಂಖ್ಯೆಯ ಎರರ್ ಅಕೌಂಟ್ ತೆರೆದ. ಅವನು ಮುಂದೆ ಹೇಳಿಕೊಂಡ ಪ್ರಕಾರ, ಕೆಲಸಕ್ಕೆ ಹೊಸದಾಗಿ ಬಂದವರೊಬ್ಬರು 20 ಫ್ಯೂಚರ್ಸ್ ಕಾಂಟ್ರ್ಯಾಕ್ಟ್‌ಗಳನ್ನು ಕೊಳ್ಳುವ ಬದಲು ಮಾರಿಬಿಟ್ಟಿದ್ದರು. ಆದ ನಷ್ಟ ಸುಮಾರು 20,000 ಪೌಂಡ್. ಅದನ್ನು ಆ ಖಾತೆಯಲ್ಲಿ ಅಡಗಿಸಿದ. ಆಮೇಲೆ ತನ್ನ ನಷ್ಟಗಳನ್ನೂ ಅಲ್ಲಿಗೇ ತುಂಬಿದ, ಅವನ್ನು ಮರಳಿ ಗಳಿಸಲು ಮತ್ತಷ್ಟು ಪಣಕ್ಕೆ ಇಟ್ಟ. 1995ರ ಫೆಬ್ರವರಿಯಲ್ಲಿ ನಷ್ಟ 82.7 ಕೋಟಿ ಪೌಂಡ್ ಮುಟ್ಟಿ ಬ್ಯಾಂಕ್ ಕುಸಿಯಿತು. ಡಚ್ಚರ ಐಎನ್‌ಜಿ ಅದನ್ನು ಒಂದು ಪೌಂಡಿಗೆ ಕೊಂಡಿತು. ಲೀಸನ್‌ಗೆ ಆರೂವರೆ ವರ್ಷ ಜೈಲು ಶಿಕ್ಷೆಯಾಯಿತು. ಒಬ್ಬ ಹೊಸಬರ ಕೈತಪ್ಪನ್ನು ಅಂದೇ ಒಪ್ಪಿಕೊಂಡಿದ್ದರೆ ಅದು ಒಂದು ದಿನದ ಬೈಗುಳದಲ್ಲಿ ಮುಗಿಯುತ್ತಿತ್ತು.

ನಿನ್ನ ಕೈಯಲ್ಲಿ ಅಂಥ ಖಾತೆ ಇಲ್ಲದಿರಬಹುದು. ಆದರೆ ಸಸ್ಪೆನ್ಸ್ ಅಕೌಂಟ್ ಇದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಾಗ ವ್ಯತ್ಯಾಸವನ್ನು ಅಲ್ಲಿಗೆ ತಳ್ಳಿ ಮನೆಗೆ ಹೋಗುವ ಆಸೆ ಬರುತ್ತದೆ. ಎಕ್ಸೆಲ್‌ನಲ್ಲಿ ಸೂತ್ರದ ಮೇಲೆ ನೇರವಾಗಿ ಅಂಕಿ ಟೈಪ್ ಮಾಡಿ ಮೊತ್ತ ಸರಿಹೊಂದಿಸುವ ಆಸೆ ಬರುತ್ತದೆ. ನೋಡದ ವೋಚರ್‌ಗೆ ಟಿಕ್ ಹಾಕುವ ಆಸೆ ಬರುತ್ತದೆ. ಅಲ್ಲಿ ನಿಲ್ಲು. ನಮ್ಮ ಲೆಕ್ಕಪರಿಶೋಧನಾ ಮಾನದಂಡಗಳಲ್ಲಿ ವಂಚನೆಗೆ ಸಂಬಂಧಿಸಿದ್ದು 240ನೆಯದು. ತಪ್ಪಿಗೂ ವಂಚನೆಗೂ ಇರುವ ಗೆರೆ ಉದ್ದೇಶವೊಂದೇ ಎಂದು ಅದು ಹೇಳುತ್ತದೆ, ಮೊತ್ತ ಎಷ್ಟು ಎಂಬುದಲ್ಲ. ಗೊತ್ತಿಲ್ಲದೆ ಆದದ್ದು ತಪ್ಪು. ಗೊತ್ತಾದ ಮೇಲೆ ಅದು ಕಾಣದಂತೆ ಮಾಡಿದರೆ ನೀನೇ ನಿನ್ನ ಕೈಯಾರೆ ಆ ಗೆರೆ ದಾಟಿದಂತೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನೆನೆದು ಎಷ್ಟೋ ಮಕ್ಕಳು ನಡುಗುತ್ತಾರೆ. ಒಂದು ಅಂಕಿ ತಪ್ಪಿತು, ಇನ್ನು ನನ್ನ ಹೆಸರು ಮುಗಿಯಿತು ಎನ್ನುತ್ತಾರೆ. ಗಾದೆ ಹೇಳುವುದು ಹಾಗಲ್ಲ ಮಗೂ. ಅಡಿಕೆ ಕಳೆದುಹೋದವನ ಮಾನ ಹೋಗುವುದಿಲ್ಲ, ಅಡಿಕೆ ಕದ್ದವನ ಮಾನ ಹೋಗುತ್ತದೆ. ಅಂಕಿ ತಪ್ಪಿದ್ದಕ್ಕೆ ಯಾರೂ ನಿನ್ನನ್ನು ಬಹುಕಾಲ ದೂರ ಇಡುವುದಿಲ್ಲ. ಆ ಅಂಕಿಯ ಬಗ್ಗೆ ಸುಳ್ಳು ಹೇಳಿದ್ದನ್ನು ಮಾತ್ರ ಮರೆಯುವುದಿಲ್ಲ.

ದೊಡ್ಡವರೂ ಎಡವುತ್ತಾರೆ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಜಗತ್ತಿನ ಹೆಸರಾಂತ ಅರ್ಥಶಾಸ್ತ್ರಜ್ಞರು. ಸರ್ಕಾರಗಳ ಸಾಲ ಮತ್ತು ಬೆಳವಣಿಗೆ ಕುರಿತು 2010ರಲ್ಲಿ ಅವರು ಪ್ರಕಟಿಸಿದ ಪ್ರಬಂಧವನ್ನು ಹಲವು ದೇಶಗಳ ನಾಯಕರು ಉಲ್ಲೇಖಿಸಿದರು. 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮರ್ಸ್ಟ್ ಕ್ಯಾಂಪಸ್ಸಿನಲ್ಲಿ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿ ತರಗತಿಯ ಅಭ್ಯಾಸಕ್ಕೆಂದು ಅದೇ ಲೆಕ್ಕ ಮತ್ತೆ ಮಾಡಲು ಹೊರಟ. ಎಷ್ಟು ಮಾಡಿದರೂ ಉತ್ತರ ಹೊಂದಲಿಲ್ಲ. ಲೇಖಕರನ್ನೇ ಕೇಳಿ ಎಕ್ಸೆಲ್ ಹಾಳೆ ತರಿಸಿಕೊಂಡ. ಸರಾಸರಿ ತೆಗೆಯುವ ಸೂತ್ರ ಪಟ್ಟಿಯ ಐದು ದೇಶಗಳನ್ನು ಹೊರಗೇ ಬಿಟ್ಟಿತ್ತು! ಉಳಿದ ವಾದಗಳಲ್ಲಿ ಲೇಖಕರಿಗೂ ಅವರ ವಿಮರ್ಶಕರಿಗೂ ಜಟಾಪಟಿ ನಡೆಯಿತು. ಆದರೆ ಆ ಸೂತ್ರದ ತಪ್ಪನ್ನು ಇಬ್ಬರು ಪ್ರಾಧ್ಯಾಪಕರೂ ಬಹಿರಂಗವಾಗಿ ಒಪ್ಪಿಕೊಂಡರು. ತಮ್ಮ ಹಾಳೆಯನ್ನು ಒಬ್ಬ ವಿದ್ಯಾರ್ಥಿಗೆ ತೆರೆದು ಕೊಟ್ಟದ್ದರಿಂದಲೇ ಅದು ಹೊರಬಂತು ಎಂಬುದನ್ನೂ ನೆನಪಿಡು. ನಿನ್ನ ಹಾಳೆಯನ್ನು ಇನ್ನೊಬ್ಬರು ನೋಡಲು ಕೊಡುವುದಕ್ಕೆ ಹಿಂಜರಿಯಬೇಡ.

ಸರಿಪಡಿಸಿದ ಮೇಲೆ, ಅದೇ ವಾರದಲ್ಲಿ, ಯಾಕಾಯಿತು ಎಂದು ಕೂತು ಹುಡುಕು. “ಗಮನ ಇರಲಿಲ್ಲ” ಎಂಬುದು ಕಾರಣವಲ್ಲ, ಅದು ಹುಡುಕಾಟವನ್ನು ಅರ್ಧಕ್ಕೇ ಬಿಡುವ ನೆಪ. ಯಾವ ಹೆಜ್ಜೆಯಲ್ಲಿ ಜಾರಿದೆ? ಹೋದ ವರ್ಷದ ಫೈಲನ್ನೇ ಹೊಸ ಹೆಸರಿನಲ್ಲಿ ಉಳಿಸಿ ಶುರುಮಾಡಿದ್ದರಿಂದಲೇ? ಹೇಳಿದ್ದು ಅರ್ಥವಾಗದಿದ್ದರೂ ಹೂಂ ಎಂದು ಬಂದದ್ದರಿಂದಲೇ? ರಾತ್ರಿ ಹನ್ನೊಂದಕ್ಕೆ ಕಣ್ಣು ಎಳೆಯುತ್ತಿದ್ದಾಗ ಕಳಿಸಿದ್ದರಿಂದಲೇ? ಹಳಬರು ತಪ್ಪು ಹುಡುಕುವುದಕ್ಕೆ ಕೆಲವು ಉಪಾಯ ಇಟ್ಟುಕೊಂಡಿದ್ದರು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು, 54,000 ಬದಲು 45,000 ಬರೆದರೆ ವ್ಯತ್ಯಾಸ 9,000. ವ್ಯತ್ಯಾಸದ ಅರ್ಧದಷ್ಟು ಮೊತ್ತದ ನಮೂದು ಸಿಕ್ಕರೆ ಅದು ಡೆಬಿಟ್ ಬದಲು ಕ್ರೆಡಿಟ್‌ಗೆ ಹೋಗಿರಬಹುದು. ತಪ್ಪಿಗೂ ಒಂದು ಜಾಡು ಇರುತ್ತದೆ ಎಂದು ಅವರು ಕಂಡುಕೊಂಡಿದ್ದರು. ನಿನ್ನ ತಪ್ಪುಗಳ ಜಾಡು ಯಾವುದು ಎಂಬುದನ್ನು ನೀನೇ ಕಂಡುಕೊಳ್ಳಬೇಕು. ಒಂದು ಸಣ್ಣ ನೋಟ್‌ಬುಕ್ ಇಡು. ತಪ್ಪು, ಕಾರಣ, ಇನ್ನುಮುಂದೆ ನೋಡಬೇಕಾದದ್ದು, ಇಷ್ಟೇ ಬರೆ. ಕೆಲವು ತಿಂಗಳಲ್ಲಿ ಅದು ಯಾವ ಕೋಚಿಂಗ್ ಕ್ಲಾಸೂ ಕೊಡದ ಚೆಕ್‌ಲಿಸ್ಟ್ ಆಗುತ್ತದೆ.

ಮೇಲಿನವರು ನೋಡುತ್ತಾರಲ್ಲ ಎಂಬ ಧೈರ್ಯದಲ್ಲಿ ಕೆಲಸ ಬಿಡಬೇಡ. 2020ರ ಆಗಸ್ಟ್‌ನಲ್ಲಿ ಸಿಟಿಬ್ಯಾಂಕ್, ರೆವ್ಲಾನ್ ಎಂಬ ಸೌಂದರ್ಯವರ್ಧಕ ಕಂಪನಿಯ ಸಾಲದಾತರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಹೋದದ್ದು ಸುಮಾರು 90 ಕೋಟಿ ಡಾಲರ್. ಮೂವರು ನೋಡಿ ಒಪ್ಪಿಗೆ ಕೊಟ್ಟಿದ್ದರು. ತಂತ್ರಾಂಶದ ಪರದೆಯಲ್ಲಿ ಯಾವ ಚೌಕಕ್ಕೆ ಗುರುತು ಹಾಕಬೇಕು ಎಂಬುದನ್ನು ಮೂವರೂ ಒಂದೇ ರೀತಿ ತಪ್ಪಾಗಿ ತಿಳಿದಿದ್ದರು. ಮರುದಿನವೇ ತಪ್ಪು ಗೊತ್ತಾಗಿ ಹಣ ವಾಪಸ್ ಕೇಳಿದರೂ ದೊಡ್ಡ ಪಾಲಿಗಾಗಿ 2022ರವರೆಗೆ ಕೋರ್ಟು ಅಲೆಯಬೇಕಾಯಿತು. ಮೇಕರ್, ಚೆಕರ್ ಎಂಬ ಏರ್ಪಾಡು ಒಳ್ಳೆಯದೇ. ಆದರೆ ನೀನು ಮಾಡುವಾಗ ಚೆಕರ್ ಇಲ್ಲ ಎಂದುಕೊಂಡು ಮಾಡು. ಕಳಿಸುವ ಮೊದಲು ಹೆಸರು, ಅವಧಿ, ಲಕ್ಷವೋ ಸಾವಿರವೋ, ಒಟ್ಟು ಮೊತ್ತ, ಲಗತ್ತು ಈ ಐದನ್ನು ಬೆರಳಿಟ್ಟು ನೋಡು.

ಒಂದು ಬಗೆಯ ತಪ್ಪನ್ನು ಮಾತ್ರ ರಿವರ್ಸ್ ಎಂಟ್ರಿ ಹಾಕಿ ಸರಿಪಡಿಸಲಾಗದು. ಅದು ಗುಟ್ಟು ಬಿಟ್ಟುಕೊಟ್ಟ ತಪ್ಪು. ಒಬ್ಬರ ಫೈಲು ಇನ್ನೊಬ್ಬರಿಗೆ ಹೋಯಿತೆಂದರೆ ಮೇಲ್ ರೀಕಾಲ್ ಒತ್ತಿ ದೇವರ ಮೇಲೆ ಭಾರ ಹಾಕಿ ಕೂರಬೇಡ, ಆ ಕ್ಷಣವೇ ಹೇಳು. ತಲುಪಿದವರಿಗೆ ಫೋನ್ ಮಾಡಿ ಅಳಿಸಲು ಕೇಳುವುದು, ಕ್ಲೈಂಟಿಗೆ ತಿಳಿಸುವುದು ಕಚೇರಿಯ ಹೊಣೆ, ಅದಕ್ಕೆ ಅವರಿಗೆ ಸಮಯ ಬೇಕು. ಷೇರುಪೇಟೆಯಲ್ಲಿರುವ ಕಂಪನಿಯ ಆಡಿಟ್‌ಗೆ ಹೋಗಿದ್ದರಂತೂ ಇನ್ನೂ ಎಚ್ಚರ. ಫಲಿತಾಂಶ ಪ್ರಕಟವಾಗುವ ಮೊದಲೇ ಲಾಭವೆಷ್ಟು ಎಂಬುದು ನಿನಗೆ ಗೊತ್ತಿರುತ್ತದೆ. ಪಿಜಿಯ ರೂಮ್‌ಮೇಟ್‌ಗೆ ಹೆಮ್ಮೆಯಿಂದ ಹೇಳಿದ ಒಂದು ಮಾತು ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮಗಳ ಉಲ್ಲಂಘನೆಯಾಗಬಹುದು. ಕೆಲಸದ ವಿಷಯ ಲಿಫ್ಟಿನಲ್ಲಿ, ಮೆಟ್ರೋದಲ್ಲಿ, ಮನೆಯಲ್ಲಿ ಆಡಬೇಡ.

ತಪ್ಪು ಎಂಬ ಹೆಸರಿಗೇ ಸೇರದ ಕೆಲವು ಕೆಲಸಗಳಿವೆ. ನಿನಗೆ ತರಬೇತಿ ಕೊಡುವ ಪ್ರಿನ್ಸಿಪಾಲರ ಡಿಜಿಟಲ್ ಸಹಿಯ ಟೋಕನ್ ನಿನ್ನ ಡ್ರಾಯರ್‌ನಲ್ಲಿದೆ ಎಂಬ ಕಾರಣಕ್ಕೆ ಅದನ್ನು ಅವರಿಗೆ ತಿಳಿಸದೆ ಬಳಸುವುದು, ಹಿಂದಿನ ದಿನಾಂಕ ಹಾಕಿ ಕಾಗದ ಸೃಷ್ಟಿಸುವುದು, ಇಲ್ಲದ ಬಿಲ್ಲನ್ನು ಇದೆ ಎನ್ನುವುದು. ಯಾರಾದರೂ ಹಿರಿಯರೇ ಇದನ್ನು ಮಾಡು ಎಂದರೆ, ಗೌರವದಿಂದಲೇ “ಸರ್, ಇದು ನನ್ನಿಂದ ಆಗುವುದಿಲ್ಲ” ಎನ್ನು. ಹೇಳಿದ್ದು ಯಾವಾಗ, ಏನು ಎಂದು ಬರೆದಿಟ್ಟುಕೋ, ಅವರಿಗಿಂತ ಮೇಲಿನವರಿಗೆ ತಿಳಿಸು. ಅಂಥ ಜಾಗ ಬಿಡಬೇಕಾಗಿ ಬಂದರೂ ಬಿಡು. ಸ್ಟೈಪೆಂಡ್ ಇನ್ನೊಂದು ಕಡೆ ಸಿಗುತ್ತದೆ.

ಇನ್ನು ತಪ್ಪಿನ ನಂತರದ ದಿನಗಳು. ನಿನಗೆ ಸಣ್ಣ ಕೆಲಸ ಕೊಡುತ್ತಾರೆ, ಮಾಡಿದ್ದನ್ನು ಎರಡೆರಡು ಸಲ ನೋಡುತ್ತಾರೆ. ಅದನ್ನು ಅವಮಾನ ಎಂದುಕೊಳ್ಳಬೇಡ. ಕಳೆದ ನಂಬಿಕೆ ಭಾಷಣದಿಂದ ಮರಳುವುದಿಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸಿದ ಸಣ್ಣ ಸಣ್ಣ ಕೆಲಸಗಳಿಂದ ಮರಳುತ್ತದೆ. ವೋಚಿಂಗ್ ಕೊಟ್ಟರೆ ಇಡೀ ಕಚೇರಿಯಲ್ಲಿ ಅತ್ಯಂತ ಚೊಕ್ಕಟವಾದ ವೋಚಿಂಗ್ ನಿನ್ನದಾಗಿರಲಿ. ತಪ್ಪಿಗೆ ಪ್ರಾಯಶ್ಚಿತ್ತವೆಂದು ರಾತ್ರಿಯಿಡೀ ಕೂರಬೇಡ, ನಿದ್ದೆಗೆಟ್ಟ ಕಣ್ಣು ಮತ್ತೆ ತಪ್ಪು ಮಾಡುತ್ತದೆ. ಬೈದ ಸೀನಿಯರ್ ಎದುರು ಬಂದಾಗ ದಾರಿ ತಪ್ಪಿಸಬೇಡ, ನಮಸ್ಕಾರ ಹೇಳು, ಕಾಫಿಗೆ ಎಲ್ಲರ ಜೊತೆ ಹೋಗು. ಕೆಲವು ವಾರ ಕಳೆದ ಮೇಲೆ ನೀನೇ ಕೇಳು: “ಮೇಡಂ, ಆ ಕೆಲಸ ಮತ್ತೊಮ್ಮೆ ಮಾಡಿ ಕಲಿಯಬೇಕು. ಈ ಸಲ ಕಳಿಸುವ ಮೊದಲು ನಿಮಗೆ ತೋರಿಸುತ್ತೇನೆ.” ಹೀಗೆ ಕೇಳಿದ ಮಕ್ಕಳನ್ನು ಇಲ್ಲ ಎಂದು ಕಳಿಸಲು ನನಗೆ ಎಂದೂ ಮನಸ್ಸಾಗಿಲ್ಲ. ಬಹುತೇಕ ಹಿರಿಯರಿಗೂ ಆಗುವುದಿಲ್ಲ.

ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ 2023ರಲ್ಲಿ ತಂದ ಹೊಸ ವ್ಯವಸ್ಥೆಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಕಲಿಯಲು ಇರುವ ಕಾಲ ಕಡಿಮೆ. ಹೀಗಾಗಿ ಒಂದು ತಪ್ಪಿನ ಹಿಂದೆ ಆರು ತಿಂಗಳು ಕೊರಗುತ್ತ ಕಳೆಯುವಷ್ಟು ಸಮಯ ನಿನ್ನಲ್ಲಿಲ್ಲ. ಆದರೂ ಕೊರಗು ಬರುತ್ತದೆ ಎಂದು ನನಗೆ ಗೊತ್ತು. ಊರಲ್ಲಿ ಅಪ್ಪ ಅಮ್ಮ ನಮ್ಮ ಮಗು ಬೆಂಗಳೂರಲ್ಲಿ ದೊಡ್ಡ ಕಚೇರಿಯಲ್ಲಿದೆ ಎಂದು ಹೇಳಿಕೊಂಡು ಓಡಾಡುತ್ತಿರುತ್ತಾರೆ. ಅವರಿಗೆ ಹೇಗೆ ಹೇಳುವುದು ಎಂದು ಗಂಟಲು ಕಟ್ಟುತ್ತದೆ. ಹೇಳಿಬಿಡು. ಟಿಡಿಎಸ್ ಎಂದರೇನೆಂದು ಅವರಿಗೆ ತಿಳಿಯದೆ ಹೋಗಬಹುದು, ನಿನ್ನ ದನಿ ಸೋತಿರುವುದು ತಿಳಿಯುತ್ತದೆ. ರಾತ್ರಿಗಳು ನಿದ್ದೆಯಿಲ್ಲದೆ ಕಳೆಯುತ್ತಿದ್ದರೆ, ಬೆಳಗ್ಗೆ ಕಚೇರಿಯ ಹೆಸರು ಕೇಳಿದರೇ ಉಸಿರು ಕಟ್ಟಿದಂತಾದರೆ, ಬದುಕೇ ಬೇಡವೆನಿಸಿದರೆ, ಕಾಯಬೇಡ. ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕೆಲಸ ಮಾಡುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. ಒಂದು ಚಲನ್‌ಗೆ, ಒಂದು ಬ್ಯಾಲೆನ್ಸ್ ಶೀಟಿಗೆ ನಿನ್ನ ಜೀವದಷ್ಟು ಬೆಲೆ ಎಂದೂ ಇಲ್ಲ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವೊಮ್ಮೆ ಇಂಟರ್ನ್‌ಶಿಪ್ ಅಲ್ಲಿಗೇ ಮುಗಿಯುತ್ತದೆ. ಮುಂದೆ ಕೆಲಸಕ್ಕೆ ಕರೆಯುವುದಿಲ್ಲ. ಆಗ ಜಗಳವಾಡದೆ ಹೊರಡು. ನಿನ್ನ ಕೈಲಿದ್ದ ಫೈಲುಗಳ ಪಟ್ಟಿ ಮಾಡಿ, ಎಲ್ಲಿಗೆ ಬಂದು ನಿಂತಿದೆ, ಏನು ಬಾಕಿ ಎಂದು ಬರೆದು ಒಪ್ಪಿಸಿ ಬಾ. ಮುಂದಿನ ಸಂದರ್ಶನದಲ್ಲಿ ಕೇಳಿದರೆ ಸುತ್ತಿ ಬಳಸಬೇಡ. ಏನು ತಪ್ಪಿತು, ಯಾವಾಗ ಹೇಳಿದೆ, ಹೇಗೆ ಸರಿಯಾಯಿತು, ಈಗ ಏನು ಬೇರೆ ಮಾಡುತ್ತೇನೆ ಎಂದು ನಾಲ್ಕು ವಾಕ್ಯದಲ್ಲಿ ಹೇಳು. ಹಳೆಯ ಕಚೇರಿಯ ಮೇಲಾಗಲೀ ಹಳೆಯ ಸೀನಿಯರ್ ಮೇಲಾಗಲೀ ದೂರು ಬೇಡ. ತಪ್ಪೇ ಮಾಡಿಲ್ಲ ಎನ್ನುವ ಹುಡುಗನಿಗಿಂತ ತನ್ನ ತಪ್ಪನ್ನು ಇಷ್ಟು ಸ್ಪಷ್ಟವಾಗಿ ವಿವರಿಸಬಲ್ಲ ಹುಡುಗನ ಕೈಗೆ ಲೆಕ್ಕ ಕೊಡಲು ನನಗೆ ಧೈರ್ಯ ಹೆಚ್ಚು.

ಕಚೇರಿ ನಡೆಸುವವರಿಗೂ ಒಂದು ಮಾತು. ತಪ್ಪು ಹೇಳಲು ಬಂದ ಮಗುವನ್ನು ಎಲ್ಲರೆದುರು ಹೀಯಾಳಿಸಿದ ದಿನ, ಉಳಿದ ಮಕ್ಕಳಿಗೆಲ್ಲ ಮುಚ್ಚಿಡುವುದನ್ನು ನಾವೇ ಕಲಿಸಿದಂತೆ. ಗದರಬೇಕಾದರೆ ಬಾಗಿಲು ಹಾಕಿ ಗದರಿ. ಹೇಳಿದ್ದು ಒಳ್ಳೆಯದಾಯಿತು ಎಂಬ ಮಾತನ್ನು ಮೊದಲು ಹೇಳಿ, ಗದರುವುದು ಆಮೇಲಿರಲಿ.

ಮಗೂ, ಈಗ ಇದನ್ನು ಓದುತ್ತಿರುವಾಗ ನಿನ್ನ ಬಳಿ ಯಾರಿಗೂ ಹೇಳದ ಒಂದು ತಪ್ಪು ಇದ್ದರೆ, ಅದರ ಗಡುವು ಇವತ್ತೇ ಇದ್ದರೆ ಈಗಲೇ ಫೋನ್ ಮಾಡು, ಇಲ್ಲದಿದ್ದರೆ ನಾಳೆ ಬೆಳಗ್ಗೆ ಉಳಿದವರು ಬರುವ ಮೊದಲು ಕಚೇರಿಗೆ ಹೋಗು. ನಾಲ್ಕು ಸಾಲು ಬರೆದುಕೋ, ಮೊತ್ತವನ್ನು ಎರಡು ಸಲ ಲೆಕ್ಕ ಹಾಕು, ಸೀನಿಯರ್ ಬಂದು ಕೂತ ಕೂಡಲೇ ಹೋಗಿ ಹೇಳು. ಬೈದರೆ ಬೈಸಿಕೋ. ಆಮೇಲೆ ನಿನ್ನ ಜಾಗಕ್ಕೆ ಬಂದು ಸಿಸ್ಟಂ ಆನ್ ಮಾಡಿ ಸರಿಯಾದ ಎಂಟ್ರಿ ಹಾಕು, ನರೇಷನ್ ಪೂರ್ತಿ ಬರೆ, ನಂತರ ಆ ದಿನದ ಕೆಲಸ ಶುರುಮಾಡು.